ಡಿಸ್ಕ್ ಹಾಕೋ ಬಾಯಿ ಮುಚ್ಚಬ್ಯಾಡ್ರಿ

ಸಂಪಾದಕರಿಗೆ ಬಾಗಲಕೋಟಿಯಿಂದ ನಮಸ್ಕಾರ್ರಿ.

ಹೋದ ವಾರ ನಿಮ್ಮ ಪೇಪರ್‌ನ್ಯಾಗ ವಿಡಿಯೋ ಗೇಮ್ ಬಗ್ಗೆ ಒಂದು ಲೇಖನ ಬಂದಿತ್ತಲ್ರಿ, ಇನ್ನ ಹತ್ತು ವರ್ಷಕ್ಕ ಟಿವಿಗೆ ಹಚ್ಚಿ ಆಡೋ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಅನ್ನೋ ಡಬ್ಬಿನ ಇರಂಗಿಲ್ಲ, ಎಲ್ಲಾ ಮೊಬೈಲ್ ಮತ್ತ ಕ್ಲೌಡ್‌ನ್ಯಾಗ ಹೋಗ್ತೈತಿ ಅಂತ. ಅದನ್ನ ಎರಡು ಸಲ ಓದಿದೆ. ಬರದವರು ಚಲೋನ ಬರದಾರ, ಆದ್ರ ಬೆಂಗಳೂರಾಗ ಕುಂತು ಬರದಂಗ ಅನಿಸ್ತು, ನಮ್ಮಂಥ ಊರಾಗ ಈ ಡಬ್ಬಿ ಹೆಂಗ ಬಂತು, ಹೆಂಗ ಉಳೀತು ಅನ್ನೋದು ಅದರಾಗ ಒಂದು ಸಾಲೂ ಇಲ್ಲ. ನಾ ಟಿವಿ ರಿಪೇರಿ ಮಾಡಾಂವ, ಈ ಡಬ್ಬಿಗಳ ಹೊಟ್ಟಿ ಬಿಚ್ಚಿ ಕೂಡಿಸಿ ಮೂವತ್ತು ವರ್ಷ ಆಗಾಕ ಬಂತು, ಅದಕ್ಕ ಒಂದೀಟು ಹೇಳಬೇಕಂತ ಕುಂತೀನಿ.

1996ರಾಗ ಹಳೇ ಬಾಗಲಕೋಟಿ ಒಳಗ ನಮ್ಮಪ್ಪಂದು ರೇಡಿಯೋ ಟಿವಿ ರಿಪೇರಿ ಅಂಗಡಿ ಇತ್ರಿ. ಮೂಲ್ಯಾಗ ಒಂದು ಸಣ್ಣ ಟಿವಿ ಇಟ್ಟು, ಮುಂಬೈಯಿಂದ ಬಂದ ಒಂದು ಟಿವಿ ಗೇಮ್ ಹಚ್ಚಿದ್ವಿ, ತಾಸಿಗೆ ಹತ್ತು ರೂಪಾಯಿ, ಅರ್ಧ ತಾಸಿಗೆ ಐದು. ಸಾಲಿ ಬಿಟ್ಟ ಕೂಡ್ಲೆ ಹುಡುಗ್ರು ಪಾಟಿಚೀಲ ಹೊರಗ ಒಗದು ಒಳಗ ಓಡಿ ಬರ್ತಿದ್ವು. ಜಪಾನಿನ ನಿಂಟೆಂಡೋ ಕಂಪನಿ 1983ರಾಗ ತಗದ ಫ್ಯಾಮಿಕಾಮ್ ಅನ್ನೋ ಮಷಿನ್ನಿನ ನಕಲು ಅದು ಅಂತ ನಂಗ ಗೊತ್ತಾಗಿದ್ದು ಎಷ್ಟೋ ವರ್ಷದ ಮ್ಯಾಲ, ಆಗ ನಮಗ ಅದು ಬರೇ ಟಿವಿ ಗೇಮ್. ಕ್ಯಾಸೆಟ್ ಮ್ಯಾಲ ಸಾವಿರಾರು ಆಟ ಅಂತ ಬರದಿರ್ತಿತ್ತು, ಹಾಕಿದ್ರ ಅವ ನಾಕೈದು ಆಟ ತಿರಗಿ ತಿರಗಿ ಬರ್ತಿದ್ವು, ಮಾರಿಯೋ, ಕಾಂಟ್ರಾ, ಬಾತುಕೋಳಿಗೆ ಗುಂಡು ಹೊಡಿಯೋ ಡಕ್ ಹಂಟ್. ಕ್ಯಾಸೆಟ್ ಹತ್ತಲಿಲ್ಲಂದ್ರ ಎಲ್ಲಾರೂ ಬಾಯಿಲೆ ಉಫ್ ಅಂತ ಊದಿ ಹಾಕ್ತಿದ್ರಲ್ಲ, ಖರೆ ಹೇಳಬೇಕಂದ್ರ ಊದಿದ್ದಕ್ಕ ಅದು ಹತ್ತುತಿರಲಿಲ್ರಿ, ತಗದು ತಿರಗಿ ಸರಿಯಾಗಿ ಕುಂದ್ರಿಸಿದ್ದಕ್ಕ ಹತ್ತುತಿತ್ತು, ಉಗುಳಿನ ಹಸಿಗೆ ತಾಮ್ರದ ಕಾಲಿಗೆ ಕಿಲುಬು ಹಿಡದು ಉಲ್ಟಾ ಕೆಡ್ತಿತ್ತು. ನಾ ದಿನಾ ರಾತ್ರಿ ಅಂಗಡಿ ಮುಚ್ಚೋ ಮುಂದ ಪೆನ್ಸಿಲ್ ಅಳಸೋ ರಬ್ಬರ್ ತಗೊಂಡು ಒಂದೊಂದ ಕಾಲು ತಿಕ್ಕಿ ಇಡ್ತಿದ್ದೆ.

ಮುಂದ ಆಲಮಟ್ಟಿ ಹಿನ್ನೀರು ಬಂತು, ನಮ್ಮ ಅಂಗಡಿ ಜಾಗ ಮುಳುಗಡಿ ಪಟ್ಟಿಯೊಳಗ ಹೋತು. ಟ್ರ್ಯಾಕ್ಟರ್‌ನ್ಯಾಗ ಸಾಮಾನು ಹೇರಿಕೊಂಡು ನವನಗರಕ್ಕ ಬಂದ್ವಿ. ಆ ಟ್ರ್ಯಾಕ್ಟರ್‌ನ್ಯಾಗ ಒಂದು ಬಿಸ್ಕಿಟ್ ಡಬ್ಬಿ ತುಂಬ ಕ್ಯಾಸೆಟ್ ಇದ್ವು. ಹೋದ ತಿಂಗಳ ಐತವಾರ ನಮ್ಮ ಅಕ್ಕನ ಮಗ ಕೇಳಿದಾ ಅಂತ ಅಟ್ಟದ ಮ್ಯಾಲಿಂದ ಇಳಿಸಿ ಹಾಕಿದ್ರ, ಕಾಂಟ್ರಾ ಒಂದ ಸಲಕ್ಕ ಹತ್ತಿತು. ಮೂವತ್ತು ವರ್ಷದ ಮಾಲು, ಯಾರ ಪರ್ಮಿಷನ್ನೂ ಕೇಳಲಿಲ್ಲ, ನೆಟ್ ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ನಾ ಹೇಳೋ ಮಾತೆಲ್ಲಾ ಈ ಕ್ಯಾಸೆಟ್ಟಿಂದನ ಶುರು ಆಗ್ತೈತ್ರಿ.

ಡಬ್ಬಿ ಸಾಯ್ತೈತಿ ಅನ್ನೋ ಮಾತು ಹೊಸಾದಲ್ಲ. 1983ರಾಗ ಅಮೆರಿಕಾದಾಗ ವಿಡಿಯೋ ಗೇಮ್ ಮಾರ್ಕೆಟ್ ಧಡ್ ಅಂತ ಬಿತ್ತು, ಅಟಾರಿ ಕಂಪನಿ ಮಾರಾಟ ಆಗದ ಕ್ಯಾಸೆಟ್ ಲಾರಿಗಟ್ಟಲೆ ಒಯ್ದು ನ್ಯೂ ಮೆಕ್ಸಿಕೋ ಮರಳುಗಾಡಿನ್ಯಾಗ ಹುಗೀತು, 2014ರಾಗ ಅದನ್ನ ತಿರಗಿ ಅಗದು ತಗದ್ರು. ಇದು ಬರೇ ಎರಡು ದಿನದ ಶೋಕಿ, ಮುಗೀತು ಅಂತ ಆಗ ಎಲ್ಲಾರೂ ಅಂದ್ರು, ಅದ ವರ್ಷ ಜಪಾನಿನ್ಯಾಗ ಫ್ಯಾಮಿಕಾಮ್ ಹುಟ್ಟಿತು. ಸ್ಮಾರ್ಟ್‌ಫೋನ್ ಬಂದಾಗ ಮತ್ತ ಅದ ಮಾತು, ಇನ್ನ ಡಬ್ಬಿ ಯಾರು ತಗೋತಾರ ಅಂತ, ಆಮ್ಯಾಲ 2017ರಾಗ ಬಂದ ನಿಂಟೆಂಡೋ ಸ್ವಿಚ್ ಒಂದ 15 ಕೋಟಿಗೂ ಮ್ಯಾಲ ಮಾರೈತಿ. ಹಂಗಾಗಿ ಡಬ್ಬಿ ಹತ್ತು ವರ್ಷದಾಗ ಹೋಗ್ತೈತಿ ಅನ್ನೋದನ್ನ ನಾ ಒಪ್ಪಂಗಿಲ್ಲ.

ಕ್ಲೌಡ್, ಅಂದ್ರ ಆಟ ದೂರದ ಸರ್ವರ್ ಮ್ಯಾಲ ಓಡಿ ಚಿತ್ರ ಅಷ್ಟ ನೆಟ್ಟಿನ್ಯಾಗ ಮನಿಗೆ ಬರೋದು, ಅದರ ಬಗ್ಗೆ ಒಂದು ಮಾತು, ಇದು ನನ್ನ ಕಸುಬಿಗೆ ಹತ್ತಿದ್ದು. ಆ ಡಕ್ ಹಂಟ್ ಪಿಸ್ತೂಲು ಹೆಂಗ ಕೆಲಸ ಮಾಡ್ತಿತ್ತು ಗೊತ್ತೇನ್ರಿ? ಗುಂಡು ಅದರೊಳಗಿಂದ ಏನೂ ಹೋಗ್ತಿರಲಿಲ್ಲ. ಟ್ರಿಗರ್ ಒತ್ತಿದ ಕೂಡ್ಲೆ ಕಣ್ಣು ಮಿಟುಕಿಸೋದರಾಗ ಪರದೆ ಪೂರಾ ಕಪ್ಪಾಗಿ, ಕೋಳಿ ಇದ್ದ ಜಾಗ ಅಷ್ಟ ಬೆಳ್ಳಗಾಗ್ತಿತ್ತು, ಪಿಸ್ತೂಲಿನ ಮುಂದಿನ ಸೆನ್ಸರ್‌ಗೆ ಆ ಬೆಳಕು ಕಂಡ್ರ ಹೊಡದಂಗ, ಕಾಣಲಿಲ್ಲಂದ್ರ ತಪ್ಪಿದಂಗ. ಹಳೇ ಟ್ಯೂಬ್ ಟಿವಿಯೊಳಗ ಚಿತ್ರ ತಡಾ ಇಲ್ಲದ ಮೂಡತಿತ್ತು, ಅದಕ್ಕ ಲೆಕ್ಕ ಹೊಂದ್ತಿತ್ತು. ಈಗಿನ ಎಲ್‌ಇಡಿ ಟಿವಿ ಚಿತ್ರಾನ ಒಳಗ ಒಂದೀಟು ತಿದ್ದಿ ತೀಡಿ ಆಮ್ಯಾಲ ತೋರಸ್ತೈತಿ, ಅಷ್ಟರಾಗ ವ್ಯಾಳ್ಯಾ ಮೀರಿ ಹೋಗಿರ್ತೈತಿ, ಅದಕ್ಕ ಆ ಪಿಸ್ತೂಲು ಈಗಿನ ಟಿವಿಗೆ ನಡಿಯಂಗಿಲ್ಲ. ಒಂದು ಟಿವಿ ಹೊಟ್ಟ್ಯಾಗಿನ ತಡಾನ ಆಟ ಕೆಡಿಸ್ತೈತಿ ಅಂದ್ರ, ನೀವು ಒತ್ತಿದ ಬಟನ್ನು ನವನಗರದಿಂದ ಮುಂಬೈಯೋ ಚೆನ್ನೈಯೋ ಎಲ್ಲಿ ಸರ್ವರ್ ಐತೋ ಅಲ್ಲಿತನಕ ಹೋಗಿ, ಅಲ್ಲಿ ಚಿತ್ರ ತಯಾರಾಗಿ ತಿರಗಿ ನಿಮ್ಮ ಟಿವಿಗೆ ಬರೋದು ಎಷ್ಟು ತಡ ಆಗಬ್ಯಾಡ ವಿಚಾರ ಮಾಡ್ರಿ. ಸೆಕೆಂಡಿಗೆ 60 ಚಿತ್ರ ಓಡಸೋ ಆಟದಾಗ ಒಂದು ಚಿತ್ರಕ್ಕ ಸಿಗೋದು ಬರೇ 16 ಮಿಲಿಸೆಕೆಂಡ್ ಚಿಲ್ರೆ. ಕ್ರಿಕೆಟ್ ಆಟ ಆಡೋ ಹುಡುಗಗ ಕೇಳ್ರಿ, ಬ್ಯಾಟ್ ಬೀಸೋದು ಒಂದು ಚೂರು ಹಿಂದ ಬಿದ್ರ ಬೌಲ್ಡ್. ಗೂಗಲ್‌ನಂಥ ಗೂಗಲ್ ಕಂಪನಿನ 2019ರಾಗ ಸ್ಟೇಡಿಯಾ ಅಂತ ಕ್ಲೌಡ್ ಗೇಮಿಂಗ್ ಶುರು ಮಾಡಿ 2023ರ ಜನವರಿಯೊಳಗ ಬಾಗಿಲಾ ಹಾಕಿತು. ಕ್ಲೌಡ್ ಉಳೀತೈತಿ, ಬೆಳೀತೈತಿ, ಫೈಬರ್ ಚಲೋ ಇದ್ದ ದೊಡ್ಡ ಊರಾಗ ಆಡೋರು ಆಡ್ತಾರ, ಆದ್ರ ಅದು ಡಬ್ಬಿ ಜಾಗಾ ಪೂರಾ ತಗೊಳ್ಳೋದಿಲ್ಲ ಅಂತ ನನ್ನ ಲೆಕ್ಕ. ನಮ್ಮ ಕಡೆ ಬ್ಯಾಸಿಗಿ ಮಧ್ಯಾಹ್ನ ಕರೆಂಟ್ ನಿಂತ್ರ ಸಾಕು, ನೆಟ್ಟೂ ಹೋಗ್ತೈತಿ.

ಮೊಬೈಲ್ ಅಂತೀರಿ, ಹೌದ್ರಿ, ನಮ್ಮ ಓಣಿ ಹುಡುಗ್ರೆಲ್ಲಾ ಅದರಾಗ ಆಡೋದು, ಇಲ್ಲ ಅನ್ನಂಗಿಲ್ಲ. 2020ರ ಸೆಪ್ಟೆಂಬರ್ 2ಕ್ಕ ಸರ್ಕಾರ ಪಬ್‌ಜಿ ಬಂದ್ ಮಾಡ್ತು, ಅದಕ್ಕ ಕಾರಣ ಏನರ ಇರಲಿ, ಎರಡು ಮೂರು ವರ್ಷ ಆಡಿ ಗಳಿಸಿದ್ದು ಕೈಯಾಗ ಏನೂ ಉಳೀಲಿಲ್ಲ ಅಂತ ಹುಡುಗ್ರು ನನ್ನ ಅಂಗಡಿ ಕಟ್ಟಿ ಮ್ಯಾಲ ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ದು ನಾ ನೋಡೀನಿ.

ಹಂಗಾದ್ರ ಮುಂದ ಏನಾಗ್ತೈತಿ? ಕಂಪನಿ ಕಂಪನಿ ನಡುವಿನ ಗ್ವಾಡಿ ಬೀಳಾಕತ್ತಾವ. ಎಕ್ಸ್‌ಬಾಕ್ಸಿನ ಸ್ವಂತ ಆಟ ಅನ್ನಿಸಿಕೊಂಡ ಫೋರ್ಜಾ ಹೊರೈಜನ್ 5, 2025ರಾಗ ಪ್ಲೇಸ್ಟೇಷನ್‌ಗೆ ಬಂತು, ಹತ್ತು ವರ್ಷದ ಹಿಂದ ಇದನ್ನ ಹೇಳಿದ್ರ ಯಾರೂ ನಂಬ್ತಿರಲಿಲ್ಲ. ಡಬ್ಬಿ ಮತ್ತ ಕಂಪ್ಯೂಟರ್ ನಡುವ ಫರಕ ಕಡಿಮಿ ಆಗ್ತೈತಿ, ಕೈಯಾಗ ಹಿಡಕೊಂಡು ಆಡೋ ಸ್ಟೀಮ್ ಡೆಕ್‌ನಂಥ ಮಷಿನ್ ಜಾಸ್ತಿ ಆಗ್ತಾವ. ರೇಟ್ ಮಾತ್ರ ಇಳಿಯಂಗಿಲ್ಲ. ಮದಲ ಹಂಗಿರಲಿಲ್ರಿ, ಪಿಎಸ್2, ಅಂದ್ರ ಎರಡನೇ ಪ್ಲೇಸ್ಟೇಷನ್, ಅಮೆರಿಕಾದಾಗ 2000ದಾಗ 299 ಡಾಲರ್ ಇದ್ದದ್ದು 2009ಕ್ಕ 99 ಡಾಲರ್‌ಗೆ ಇಳೀತು, ತಡಾ ಮಾಡಿ ತಗೊಂಡ ಬಡವರ ಮನಿಗೂ ಅದು ಹೊಕ್ತು, ಅದಕ್ಕ ಸುಮಾರು 16 ಕೋಟಿ ಮಾರಾಟ ಆಗಿ ಇವತ್ತಿಗೂ ಅದರ ದಾಖಲೆ ಯಾರೂ ಮುರದಿಲ್ಲ. ಈಗ ನೋಡ್ರಿ, ಪಿಎಸ್5 ನಮ್ಮ ದೇಶಕ್ಕ 2021ರ ಫೆಬ್ರುವರಿಯೊಳಗ 49,990 ರೂಪಾಯಿಗೆ ಬಂದದ್ದು ಮುಂದಿನ ವರ್ಷನ 54,990 ಆತು, ಹಳೇದಾದಂಗ ತುಟ್ಟಿ ಆಗೋ ಡಬ್ಬಿ ಇದ ಮದಲು ನೋಡಿದ್ದು. ಚಿಪ್ ಸಣ್ಣದು ಮಾಡಿದಂಗ ಸೋವಿ ಆಗೋ ಕಾಲ ಮುಗೀತು, ಮೆಮರಿ ಚಿಪ್ ಎಲ್ಲಾ ಎಐ ಕಂಪನಿಗಳ ದೊಡ್ಡ ದೊಡ್ಡ ಡೇಟಾ ಸೆಂಟರಿಗೆ ಹೋಗಾಕತ್ತಾವ.

ಇಷ್ಟೆಲ್ಲಾ ತಡಕೋಬಹುದು. ನಂಗ ಸಂಕಟ ಆಗೋದು ಡಿಸ್ಕಿಂದು, ಅಂದ್ರ ಆ ಕ್ಯಾಸೆಟ್ಟಿನ ಜಾಗಾಕ್ಕ ಬಂದ, ಆಟ ತುಂಬಿದ ತಟ್ಟಿಂದು.

ಹೋದ ವರ್ಷ ನಮ್ಮ ಅಕ್ಕನ ಮಗ ಎರಡು ವರ್ಷ ಕೂಡಿಸಿದ ರೊಕ್ಕ ಕೊಟ್ಟು ಡಬ್ಬಿ ತಂದ, ಡಿಸ್ಕ್ ಇಲ್ಲದ ಮಾಡೆಲ್ಲು, ಯಾಕಂದ್ರ ಹತ್ತು ಸಾವಿರ ಕಡಿಮಿಗೆ ಬಿತ್ತು, ಅಂಗಡಿಯಾಂವ ಎರಡೂ ಒಂದ ಅಂತ ಹೇಳಿ ಕೊಟ್ಟಾನ. ಮನಿಗೆ ತಂದು ಹಚ್ಚಿದ ಮ್ಯಾಲ ಗೊತ್ತಾತು, ಒಂದು ಆಟ ಇಳಿಸಿಕೊಳ್ಳಾಕ 100 ಜಿಬಿ ಬೇಕು. ಅವರ ಹಳ್ಯಾಗ ಫೈಬರ್ ಇಲ್ಲ, ಮೊಬೈಲ್ ಪ್ಯಾಕ್ ದಿನಕ್ಕ 2 ಜಿಬಿ, ಅಂದ್ರ ಒಂದು ಆಟಕ್ಕ 50 ದಿನ. ಕಡೀಕ ನಮ್ಮ ಮನಿಗೆ ಡಬ್ಬಿ ಹೊತ್ಕೊಂಡು ಬಂದು ಒಂದು ರಾತ್ರಿ ಇಲ್ಲೇ ಬಿಟ್ಟು ಇಳಿಸಿಕೊಂಡು ಹೋದ. ಆಡಿ ಮುಗಿಸಿದ ಮ್ಯಾಲ ಗೆಳ್ಯಾಗ ಕೊಡಬೇಕಂದ್ರ ಕೊಡಾಕ ಬರಂಗಿಲ್ಲ, ಮಾರಬೇಕಂದ್ರ ಮಾರಾಕ ಬರಂಗಿಲ್ಲ. ನಾಕು ಸಾವಿರದ ಆಟ, ಒಬ್ಬಂದ, ಅದೂ ಅಕೌಂಟ್ ಇರೋತನಕ.

ನಮ್ಮ ಊರಾಗ ಆಟ ಹೆಂಗ ಹರಡ್ಯಾವು ಅಂದ್ರ ಕೈಯಿಂದ ಕೈಗೆ ಹರಡ್ಯಾವು. ವಿದ್ಯಾಗಿರಿಯಾಗ ಹಾಸ್ಟೆಲ್ ಹುಡುಗ ಹುಬ್ಬಳ್ಳಿಯಿಂದ ಒಂದು ಡಿಸ್ಕ್ ತಂದ್ರ ಅದು ಇಳಕಲ್, ಗುಳೇದಗುಡ್ಡ, ಮುಧೋಳ ಎಲ್ಲಾ ಸುತ್ತಿ ವರ್ಷದ ಮ್ಯಾಲ ಗೀರು ಬಿದ್ದು ನನ್ನ ಟೇಬಲ್ಲಿಗೆ ಬರ್ತೈತಿ, ಅಣ್ಣಾ ಓದಾಕತ್ತಿಲ್ಲ ನೋಡ್ರಿ ಅಂತ. ಒಂದು ಡಿಸ್ಕ್ ಹತ್ತು ಮನಿಯೊಳಗ ಆಡ್ತಾರ. ಹತ್ತೂ ಮಂದಿ ಹೊಸಾದು ಕೊಳ್ಳೋ ತಾಕತ್ತು ಇಲ್ಲರಿ, ಡಿಸ್ಕ್ ಇಲ್ಲಂದ್ರ ಒಂಬತ್ತು ಮನಿಯೊಳಗ ಆಟನ ಇಲ್ಲ. ಈಗ 2024ರಾಗ ಬಂದ ಪಿಎಸ್5 ಪ್ರೋಕ್ಕ ಡಿಸ್ಕ್ ಡ್ರೈವ್ ಇಲ್ಲ, ಬೇಕಂದ್ರ ಬ್ಯಾರೆ ರೊಕ್ಕ ಕೊಟ್ಟು ತಗೋಬೇಕು. 2025ರ ಜೂನ್‌ದಾಗ ಬಂದ ಸ್ವಿಚ್ 2ರ ಎಷ್ಟೋ ಕಾರ್ಡಿನ್ಯಾಗ ಆಟನ ಇರಂಗಿಲ್ಲ, ಬರೇ ಕೀಲಿಕೈ ಇರ್ತೈತಿ, ಆಟ ನೆಟ್ಟಿಂದನ ಇಳಿಸಿಕೋಬೇಕು. ನಾ ಹೇಳೋ ಭವಿಷ್ಯ ಇದು, ಇನ್ನೊಂದು ಎರಡು ತಲಿಮಾರಿನ ಡಬ್ಬಿ ಬರೋದರಾಗ ಆ ಬಾಯಿ ಪೂರಾ ಮುಚ್ಚಿ ಹೋಗ್ತೈತಿ, ಯಾರೂ ಬಾಯಿ ಬಿಡಲಿಲ್ಲಂದ್ರ.

ಸರ್ವರ್ ಮ್ಯಾಲಿನ ಆಟಕ್ಕ ಆಯುಷ್ಯ ಎಷ್ಟು ಅನ್ನೋದು ಕಂಪನಿ ಕೈಯಾಗ. ನಿಂಟೆಂಡೋದವರು 2023ರ ಮಾರ್ಚ್‌ನ್ಯಾಗ ತಮ್ಮ ಹಳೇ ಮಷಿನ್ 3ಡಿಎಸ್ ಮತ್ತ ವೀ ಯು ಆಟ ಮಾರೋ ನೆಟ್ಟಿನ ಅಂಗಡಿ ಮುಚ್ಚಿದ್ರು, 2024ರ ಜುಲೈದಾಗ ಎಕ್ಸ್‌ಬಾಕ್ಸ್ 360 ಅಂಗಡಿ ಮುಚ್ಚಿತು. ಯೂಬಿಸಾಫ್ಟ್‌ನವರು ದಿ ಕ್ರೂ ಅನ್ನೋ ಕಾರಿನ ಆಟದ ಸರ್ವರ್ 2024ರ ಮಾರ್ಚ್ 31ಕ್ಕ ಬಂದ್ ಮಾಡಿದ್ರು, ರೊಕ್ಕ ಕೊಟ್ಟು ಡಿಸ್ಕ್ ತಗೊಂಡವರ ಆಟನೂ ನಿಂತು ಹೋತು. ಅದಕ್ಕ ಯುರೋಪಿನ್ಯಾಗ ಹತ್ತು ಲಕ್ಷಕ್ಕೂ ಜಾಸ್ತಿ ಮಂದಿ ಸಹಿ ಹಾಕಿ ಕಾನೂನು ಮಾಡ್ರಿ ಅಂತ ಕೇಳ್ಯಾರ. ಕಂಪನಿ ಮನಸ್ಸು ಮಾಡಿದ್ರ ತಿರಗಸಾಕೂ ಬರ್ತೈತ್ರಿ. 2013ರಾಗ ಮೈಕ್ರೋಸಾಫ್ಟ್‌ನವರು ತಮ್ಮ ಎಕ್ಸ್‌ಬಾಕ್ಸ್ ಒನ್‌ಗೆ ದಿನಕ್ಕ ಒಂದ್ ಸಲ ನೆಟ್ ಬೇಕ ಬೇಕು, ಹಳೇ ಡಿಸ್ಕ್ ಮಾರಾಕ ನಮ್ಮ ಷರತ್ತು ಅಂದಿದ್ರು, ಆಡೋ ಮಂದಿ ಎದ್ದು ನಿಂತು ಗದ್ಲಾ ಮಾಡಿದ್ದಕ್ಕ ಡಬ್ಬಿ ಅಂಗಡಿಗೆ ಬರೋಕಿಂತ ಮದಲ ಆ ಷರತ್ತು ಹಿಂದಕ್ಕ ತಗೊಂಡ್ರು. ಪ್ಲೇಸ್ಟೇಷನ್ ಮಾಡೋ ಸೋನಿಯವರೂ 2021ರಾಗ ಪಿಎಸ್3 ಅಂಗಡಿ ಮುಚ್ಚತೀವಿ ಅಂದು, ಮಂದಿ ಬೈದ ಮ್ಯಾಲ ತಿಂಗಳದಾಗ ಮಾತು ಬದಲಿಸಿದ್ರು.

ಕ್ಯಾಲಿಫೋರ್ನಿಯಾದಾಗ 2025ರಿಂದ ಒಂದು ಕಾನೂನು ಬಂದೈತಿ, ನೆಟ್ಟಿನ್ಯಾಗ ಆಟ ಮಾರೋ ಮುಂದ ಇದು ನಿಮ್ಮ ಸ್ವಂತ ಆಗಂಗಿಲ್ಲ, ಬರೇ ಆಡಾಕ ಪರವಾನಿಗಿ ಅಂತ ಸ್ಪಷ್ಟ ಹೇಳಬೇಕು. ನಮ್ಮಲ್ಲೂ ಅದು ಬರಬೇಕು, ಕನ್ನಡದಾಗ ಬರಬೇಕು, ಡಬ್ಬಿ ಮ್ಯಾಲ ದೊಡ್ಡ ಅಕ್ಷರದಾಗ "ಇದಕ್ಕ ಡಿಸ್ಕ್ ಹಾಕಾಕ ಬರಂಗಿಲ್ಲ, ಆಟಕ್ಕ ನೆಟ್ ಬೇಕು" ಅಂತ ಬರದಿರಬೇಕು. ಗ್ರಾಹಕರ ಹಕ್ಕಿನ ಬಗ್ಗೆ ಕೆಲಸ ಮಾಡೋರು, ನಮ್ಮ ಎಂಎಲ್‌ಎ ಎಂಪಿಗಳು ಇದನ್ನ ಮಕ್ಕಳ ಆಟ ಅಂತ ಬದಿಗೆ ಸರಿಸಬಾರದು, ಐವತ್ತು ಸಾವಿರದ ಸಾಮಾನು ಅದು, ಒಂದು ಎಮ್ಮಿ ರೇಟು.

ನಿಮ್ಮ ಪೇಪರ್‌ಗೂ ಒಂದು ವಿನಂತಿ. ದೀಪಾವಳಿ ಮುಂದ ಬಾಳ ಮಂದಿ ಡಬ್ಬಿ ಕೊಳ್ತಾರ, ಅದಕ್ಕ ಒಂದು ವಾರ ಮದಲು ಒಂದು ಕಾಲಂ ಇಡ್ರಿ, ಯಾವ ಮಾಡೆಲ್ಲಿಗೆ ಡಿಸ್ಕ್ ಐತಿ, ಯಾವುದಕ್ಕಿಲ್ಲ, ಆಟ ಎಷ್ಟು ಜಿಬಿ, ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಳ್ಳೋ ಮುಂದ ಬೆಳಕಿಗೆ ಹಿಡದು ಗೀರು ಹೆಂಗ ನೋಡಬೇಕು ಅಂತ. ಡಿಸ್ಕ್ ಒರಸೋದು ಗುಂಡಗ ಅಲ್ಲ, ನಡುವಿಂದ ಅಂಚಿಗೆ ಸೀದಾ ಒರಸಬೇಕು, ಮೆತ್ತನ ಅರಬಿಲೆ, ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ಜಾಗ ಕೊಟ್ರ ನಾನ ಬರದು ಕಳಿಸ್ತೇನ್ರಿ.

ನಿಮ್ಮ ಓದುಗ,
ಟಿವಿ ರಿಪೇರಿ ಮಾಡಾಂವ,
ನವನಗರ, ಬಾಗಲಕೋಟಿ