ದಡದ ಮೇಲಿನ ಮೂರೂವರೆ ದಿನ

ಈ ಸಂಚಿಕೆಯ ಸಂಪಾದಕೀಯದಲ್ಲಿ ರಾಜ್ಯೋತ್ಸವದ ಸಿದ್ಧತೆಯ ಬಗ್ಗೆ ಬರೆಯಬೇಕಿತ್ತು. ಅದನ್ನು ಕಾರ್ಯದರ್ಶಿಗಳು ಒಳಪುಟದಲ್ಲಿ ವಿವರವಾಗಿ ಬರೆದಿದ್ದಾರೆ. ಹಾಗಾಗಿ ನನ್ನ ಪುಟವನ್ನು ಮಿಸ್ಸೌರಿ ನದಿಗೆ ಬಿಟ್ಟುಕೊಡುತ್ತಿದ್ದೇನೆ.

ನಮ್ಮ ಕನ್ನಡ ಸಂಘದ ಇಬ್ಬರು ಗೆಳೆಯರು ಕಳೆದ ಜುಲೈನಲ್ಲಿ 'ಮಿಸ್ಸೌರಿ ರಿವರ್ 340' ಎಂಬ, ಹುಟ್ಟು ಹಾಕಿ ದೋಣಿ ನಡೆಸುವ ಸ್ಪರ್ಧೆಗೆ ಇಳಿದಿದ್ದರು ಎಂಬುದು ನಿಮಗೆ ಗೊತ್ತು. 2006ರಲ್ಲಿ ಶುರುವಾದ ಸ್ಪರ್ಧೆ ಇದು. ಕ್ಯಾನ್ಸಸ್ ಸಿಟಿಯ ಕಾ ಪಾಯಿಂಟಿನಲ್ಲಿ ದೋಣಿ ನೀರಿಗಿಳಿದರೆ ನಮ್ಮ ಸೇಂಟ್ ಲೂಯಿಸ್ ಪಕ್ಕದ ಸೇಂಟ್ ಚಾರ್ಲ್ಸ್‌ನಲ್ಲಿ ಮೇಲೇಳಬೇಕು. ದೂರ 340 ಮೈಲಿ, ಅಂದರೆ ಸುಮಾರು 547 ಕಿಲೋಮೀಟರ್. ಗಡುವು ಮೂರೂವರೆ ದಿನದ ಆಸುಪಾಸು. ಇಬ್ಬರಲ್ಲಿ ಒಬ್ಬರು ಹೊನ್ನಾವರದವರು, ಶರಾವತಿಯ ದಡದಲ್ಲಿ ಬೆಳೆದವರು. ಶರಾವತಿ ಹುಟ್ಟಿದಲ್ಲಿಂದ ಕಡಲು ಸೇರುವವರೆಗೆ ಹರಿಯುವುದು 128 ಕಿಲೋಮೀಟರ್. ಅಂಥ ನಾಲ್ಕು ಶರಾವತಿ ಉದ್ದಕ್ಕೆ ಜೋಡಿಸಿದರೂ ಈ ಸ್ಪರ್ಧೆಗೆ ಸಾಲದು. ಇನ್ನೊಬ್ಬರು ವಿಜಯಪುರದವರು. ಈಜು ಕಲಿತದ್ದೇ ನಲವತ್ತು ದಾಟಿದ ಮೇಲೆ, ಇಲ್ಲಿನ ಈಜುಕೊಳದಲ್ಲಿ, ಮಗಳ ಜೊತೆ.

ಇಲ್ಲಿ ಪ್ರತಿ ದೋಣಿಗೂ ದಡದಲ್ಲೊಂದು ತಂಡ ಇರಬೇಕು. ಗ್ರೌಂಡ್ ಕ್ರೂ ಅನ್ನುತ್ತಾರೆ. ನನ್ನ ಬಾಯಲ್ಲಿ ಅದು 'ದಡದವರು' ಆಗಿಹೋಯಿತು. ನಮ್ಮ ಕಡೆಯಿಂದ ದಡದವರು ಮೂರು ಜನ: ನಾನು, ನನ್ನ ಯಜಮಾನರು, ಹನ್ನೆರಡು ವರ್ಷದ ಮಗಳು. ಒಂದು ವ್ಯಾನು, ಸಂಘದ ದೊಡ್ಡ ಕೂಲರ್ ಪೆಟ್ಟಿಗೆ, ಎರಡು ಮಡಚುವ ಮಂಚ. ಯಾರಿಗೂ ಅನುಭವವಿಲ್ಲ. ಊಟ ಕಟ್ಟಿಕೊಂಡು ಹೋಗುವುದು, ಚಪ್ಪಾಳೆ ತಟ್ಟುವುದು, ಇಷ್ಟೇ ಕೆಲಸ ಅಂದುಕೊಂಡಿದ್ದೆವು.

ಹೊರಡುವ ಹಿಂದಿನ ಸಂಜೆ ಕಾ ಪಾಯಿಂಟಿನಲ್ಲಿ ಹಲವು ವರ್ಷಗಳಿಂದ ಗಂಡನ ದೋಣಿಯನ್ನು ನೋಡಿಕೊಳ್ಳುತ್ತಿರುವ ಒಬ್ಬ ಹಿರಿಯರು ಸಿಕ್ಕರು. ನಮ್ಮ ಮುಖ ನೋಡಿಯೇ ಹೊಸಬರು ಅಂತ ಗೊತ್ತಾಗಿರಬೇಕು. ಎರಡು ಮಾತು ಹೇಳಿದರು. ಎಷ್ಟು ಮೈಲಿ ಉಳಿದಿದೆ ಅಂತ ದೋಣಿಯವರಿಗೆ ಹೇಳಬೇಡಿ, ಮುಂದಿನ ಊಟ ಎಲ್ಲಿ ಅನ್ನುವುದಷ್ಟನ್ನೇ ಹೇಳಿ. ಸಾಕು, ಬಿಟ್ಟುಬಿಡುತ್ತೇನೆ ಅಂದರೆ ಮೊದಲು ಉಣ್ಣಿಸಿ, ಮಲಗಿಸಿ, ಎದ್ದ ಮೇಲೆ ಮತ್ತೆ ಕೇಳಿ. ಆ ಎರಡು ಮಾತು ಇಲ್ಲದಿದ್ದರೆ ನಾನು ಈ ಪುಟವನ್ನು ಬೇರೆ ಥರ ಬರೆಯಬೇಕಾಗುತ್ತಿತ್ತು.

ಮಿಸ್ಸೌರಿ ಮೇಲುನೋಟಕ್ಕೆ ಸಮಾಧಾನದ ನದಿ. ಮಣ್ಣಿನ ಬಣ್ಣದ ನೀರು ಅಗಲವಾಗಿ, ಸದ್ದಿಲ್ಲದೆ ಹರಿಯುತ್ತದೆ. ಒಳಗಿನ ಕತೆ ಬೇರೆ. ಸರಕಿನ ಬಾರ್ಜ್‌ಗಳು ಓಡಾಡಲೆಂದು ಸೇನೆಯ ಎಂಜಿನಿಯರುಗಳು ಎರಡೂ ದಡದಿಂದ ನದಿಯೊಳಕ್ಕೆ ಕಲ್ಲಿನ ಕಟ್ಟೆಗಳನ್ನು ಚಾಚಿದ್ದಾರೆ. ನೀರು ಕಿರಿದಾದ ದಾರಿಯಲ್ಲಿ ನುಗ್ಗಿ, ತನ್ನ ತಳವನ್ನು ತಾನೇ ಕೊರೆದುಕೊಂಡು, ಒಂಬತ್ತು ಅಡಿ ಆಳ ಉಳಿಸಿಕೊಳ್ಳಲಿ ಅನ್ನುವ ಲೆಕ್ಕಾಚಾರ. ಸೆಳವು ಅಲ್ಲಿದೆ, ಆದ್ದರಿಂದ ದೋಣಿಗಳಿಗೂ ಅದೇ ದಾರಿ. ನೀರು ಏರಿದಾಗ ಆ ಕಟ್ಟೆಗಳು ಮುಳುಗಿ ಕಣ್ಣಿಗೆ ಬೀಳುವುದಿಲ್ಲ. ಕಟ್ಟೆಯ ಹಿಂದೆ ಸುಳಿ. ದಾರಿ ತೋರಿಸಲು ನೀರಿನಲ್ಲಿ ತೇಲಬಿಟ್ಟ ಕೆಂಪು, ಹಸಿರು ಬುರುಡೆಗಳು ಸೆಳವಿಗೆ ಸಿಕ್ಕಿ ಮುಳುಗಿ ಏಳುತ್ತಿರುತ್ತವೆ. ಕತ್ತಲಲ್ಲಿ ಅದಕ್ಕೆ ಬಡಿದರೆ ಮಗುಚುವುದೇ. ಇದನ್ನೆಲ್ಲ ಓದಿಕೊಂಡು ದಡದಲ್ಲಿ ನಿಂತವರಿಗೆ ರಾತ್ರಿ ಹೇಗೆ ಕಳೆಯುತ್ತದೆ, ನೀವೇ ಊಹಿಸಿ.

ಮಂಗಳವಾರ ಬೆಳಿಗ್ಗೆ ಹೊರಟರು. ಲೆಕ್ಸಿಂಗ್ಟನ್‌ನಲ್ಲಿ ನಗುನಗುತ್ತಾ ಚಿತ್ರಾನ್ನ ತಿಂದರು. ಹೊನ್ನಾವರದವರು ಊರಿನ ಮೇ ತಿಂಗಳ ಸೆಕೆ ನೆನಪಾಗುತ್ತಿದೆ ಅಂದರು. ರಾತ್ರಿ ಹತ್ತಕ್ಕೆ ವೇವರ್ಲಿ ಮುಟ್ಟಿ, ನಾಲ್ಕು ಗಂಟೆ ಮಲಗಿ, ಎರಡೂವರೆಗೆ ಮತ್ತೆ ನೀರಿಗಿಳಿದರು. ಅವರನ್ನು ಕಳಿಸಿದ ಮೇಲೆ ಒಂದೇ ಒಂದು ಗಂಟೆ ಅಂತ ನಾವು ವ್ಯಾನಿನಲ್ಲಿ ಒರಗಿದೆವು. ಎಚ್ಚರವಾದಾಗ ಎಂಟು ಗಂಟೆಯ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು.

ಮುಂದಿನ ನಿಲ್ದಾಣ ಮಯಾಮಿ. ಫ್ಲೋರಿಡಾದ್ದಲ್ಲ, ಮಿಸ್ಸೌರಿಯ ಪುಟ್ಟ ಊರು. ನಾವು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವರು ಬಂದು ಮುಕ್ಕಾಲು ಗಂಟೆಯಾಗಿತ್ತು. ನೀರು ಮುಗಿದಿತ್ತು. ಪಕ್ಕದ ತಂಡದವರು ಕೊಟ್ಟ ಎರಡು ಬಾಟಲಿ ಹಿಡಿದು ಇಬ್ಬರೂ ನೆರಳಲ್ಲಿ ಕೂತಿದ್ದರು. ಒಂದು ಮಾತು ಬೈಯಲಿಲ್ಲ. 'ಬಂದ್ರಲ್ಲ, ಸಾಕು ಬಿಡ್ರಿ ಅಕ್ಕಾ' ಅಂದರು ವಿಜಯಪುರದವರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಲ್ಲಿಂದ ಮುಂದೆ ಮೂವರಲ್ಲಿ ಒಬ್ಬರು ಕಡ್ಡಾಯವಾಗಿ ಎಚ್ಚರವಿರಬೇಕು ಅಂತ ಗೊತ್ತುಮಾಡಿಕೊಂಡೆವು.

ದೋಣಿ ನಡೆಸುವವರ ತಲೆ ಎರಡನೆಯ ದಿನದಿಂದ ಕೆಲಸ ಮಾಡುವುದನ್ನು ನಿಲ್ಲಿಸುತ್ತಾ ಬರುತ್ತದೆ. ಹಸಿವೆಯೋ ಬಾಯಾರಿಕೆಯೋ ಅವರಿಗೇ ತಿಳಿಯುವುದಿಲ್ಲ. ಏನು ಬೇಕು ಅಂತ ಕೇಳಿದರೆ ಏನೂ ಬೇಡ ಅನ್ನುತ್ತಾರೆ. ಆದ್ದರಿಂದ ಕೇಳಬಾರದು, ಕೈಗೆ ಕೊಡಬೇಕು. ನಮ್ಮ ಮೊಸರನ್ನದಷ್ಟು ಒಳ್ಳೆಯದು ಅಲ್ಲಿ ಇನ್ನೊಂದಿರಲಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಅನ್ನವನ್ನು ಮೆತ್ತಗೆ ಕಿವುಚಿ, ಉಪ್ಪು ಒಂದು ಚಿಟಿಕೆ ಮುಂದಾಗಿ ಹಾಕಿ, ಜಿಪ್ ಚೀಲದಲ್ಲಿ ತುಂಬಿ, ಮೂಲೆ ಕತ್ತರಿಸಿ ಕೊಟ್ಟರೆ ಹುಟ್ಟು ಕೆಳಗಿಡದೆ ಬಾಯಿಗೆ ಹಿಂಡಿಕೊಳ್ಳಬಹುದು. ಬೆಲ್ಲದ ಪಾನಕಕ್ಕೂ ಉಪ್ಪು ಹಾಕಿದೆವು. ಅವರು ತಿನ್ನುತ್ತಿದ್ದಾಗ ನನ್ನ ಯಜಮಾನರು ಅಂಗೈ ನೋಡುತ್ತಿದ್ದರು, ಮಗಳು ದೀಪಗಳ ಬ್ಯಾಟರಿ ಬದಲಿಸುತ್ತಿದ್ದಳು, ನಾನು ಪ್ರಶ್ನೆ ಕೇಳುತ್ತಿದ್ದೆ: ಕೊನೆಗೆ ಮೂತ್ರಕ್ಕೆ ಹೋದದ್ದು ಯಾವಾಗ, ಬಣ್ಣ ಹೇಗಿತ್ತು, ಬೆವರು ಬರುತ್ತಿದೆಯೇ, ಇವತ್ತು ಯಾವ ವಾರ. ಈ ಪ್ರಶ್ನೆಗಳಿಗೆ ಅಡ್ಡಾದಿಡ್ಡಿ ಉತ್ತರ ಬಂದರೆ ಮಾತ್ರ ನಾವೇ ನಿಲ್ಲಿಸಬೇಕು. ಅದೊಂದನ್ನು ಬಿಟ್ಟರೆ ಮುಂದೆ ಹೋಗುವುದು ಬಿಡುವುದು ಅವರ ತೀರ್ಮಾನ.

ಗುರುವಾರ ನಡುರಾತ್ರಿ, ಹರ್ಮನ್. ನದಿಯ ದಡದಲ್ಲಿ ನಮ್ಮಂಥ ಹತ್ತಾರು ತಂಡಗಳು. ಕತ್ತಲಲ್ಲಿ ದೋಣಿ ಕಾಣಿಸುವುದಿಲ್ಲ. ಮುಂದೆ ಕೆಂಪು ಹಸಿರು ದೀಪ, ಹಿಂದೊಂದು ಬಿಳಿ ದೀಪ, ಎಲ್ಲ ದೋಣಿಗೂ ಅವೇ. ನಮ್ಮವರು ಯಾರು ಅಂತ ಗೊತ್ತಾಗುವುದು ದನಿಯಿಂದ. ಎಲ್ಲರೂ ದೋಣಿಯ ಅಂಕಿ ಕೂಗುತ್ತಿದ್ದರು. ನಮ್ಮ ಮಗಳು, ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ನೀರಿನ ಅಂಚಿಗೆ ಹೋಗಿ ಗಂಟಲು ಹರಿಯುವಂತೆ ಕೂಗಿದಳು: 'ಮಾಮಾ, ಇಲ್ಲಿ ಬನ್ನಿ! ಬಲಕ್ಕೆ! ಬಲಕ್ಕೆ!' ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕತ್ತಲಿನ ಒಳಗಿಂದ, ತೀರಾ ಸಣ್ಣ ದನಿಯಲ್ಲಿ, 'ಬಂದ್ವಿ ಪುಟ್ಟಿ.' ಒಂದು ದೀಪ ದಡದ ಕಡೆ ತಿರುಗಿತು.

ಹರ್ಮನ್ ಊರನ್ನು 1837ರಲ್ಲಿ ಕಟ್ಟಿದವರು ಜರ್ಮನ್ನರು. ತಮ್ಮ ಭಾಷೆ, ನಡೆನುಡಿ ಈ ದೇಶದಲ್ಲಿ ಉಳಿಯಲಿ ಅಂತಲೇ ಫಿಲಡೆಲ್ಫಿಯಾದಲ್ಲಿ ಸಂಘ ಕಟ್ಟಿ, ಇಲ್ಲಿ ಜಾಗ ಕೊಂಡು ಬಂದವರು. ಅಲ್ಲಿನ ಬೀದಿಗಳಿಗೆ ಇಂದಿಗೂ ಜರ್ಮನ್ ಕವಿಗಳಾದ ಗಯಟೆ, ಶಿಲ್ಲರ್ ಹೆಸರುಗಳಿವೆ. ಆ ಊರಿನ ದಡದಲ್ಲಿ ಮಗಳ ಕನ್ನಡ ಕೇಳಿದ್ದು ನನಗೆ ಬಹಳ ದಿನ ನೆನಪಿರುತ್ತದೆ.

ವಿಜಯಪುರದವರ ಬಲ ಅಂಗೈಯಲ್ಲಿ ಚರ್ಮ ಸುಲಿದು ಟೇಪು ಅಂಟುತ್ತಿರಲಿಲ್ಲ. ಮಂಡಿಯ ಕೆಳಗೆ ಕಾಲು ನೀರಿನಲ್ಲಿ ನೆನೆದ ಕಾಗದದ ಹಾಗೆ ಬೆಳ್ಳಗಾಗಿ ಸುಕ್ಕುಗಟ್ಟಿತ್ತು. ದಡದ ಮರಗಳೆಲ್ಲ ಸಾಲಾಗಿ ಕೂತ ಮಂದಿಯ ಹಾಗೆ ಕಂಡವು ಅಂದರು. 'ಅಕ್ಕಾ, ನಾ ಇಲ್ಲಿಗೆ ಸಾಕ್ ಮಾಡ್ತೀನ್ರಿ.' ಹೂಂ ಅನ್ನಲು ನನಗೆ ಬಾಯಿ ತುದಿಗೆ ಬಂದಿತ್ತು. ಯಾವ ತಪ್ಪಿಗೆ ಈ ಶಿಕ್ಷೆ ಅನ್ನಿಸುತ್ತಿತ್ತು. ಆದರೆ ಪ್ರಶ್ನೆಗಳಿಗೆಲ್ಲ ಅವರು ಸರಿಯಾಗಿ ಉತ್ತರ ಕೊಟ್ಟರು. 'ಆಯ್ತು, ಈಗ ಊಟ ಮಾಡಿ ಮಲಗಿ, ಬೆಳಿಗ್ಗೆ ಮಾತಾಡೋಣ' ಅಂದೆ. ಹೊನ್ನಾವರದವರು ಅದರ ಬಗ್ಗೆ ಒಂದು ಮಾತೂ ಆಡದೆ, ಗೆಳೆಯನ ಒದ್ದೆ ಬೂಟನ್ನು ತಲೆಕೆಳಗೆ ಮಾಡಿ ಒಣಗಲು ಇಟ್ಟು ಮಲಗಿದರು.

ನಾಲ್ಕೂವರೆಗೆ ಎಬ್ಬಿಸಿ ಕಾಫಿ ಕೊಟ್ಟೆ. ಕೇಳಬೇಕಾದ ಪ್ರಶ್ನೆ ಗಂಟಲಲ್ಲಿತ್ತು. ಅವರು ಲೋಟ ಖಾಲಿ ಮಾಡಿ ಕೇಳಿದರು, 'ಊಟ ಎಲ್ಲಿ ಮುಂದ?' ಕ್ಲೊಂಡೈಕ್‌ನಲ್ಲಿ, ಬಿಸಿಬೇಳೆಬಾತ್ ಅಂದೆ. ಮಂಜು ಕರಗುವವರೆಗೆ ಕಾದು ಹೊರಟರು.

ಶುಕ್ರವಾರ ಸಂಜೆ ಏಳರ ಹತ್ತಿರ ಸೇಂಟ್ ಚಾರ್ಲ್ಸ್. ಪಶ್ಚಿಮದ ನಾಡನ್ನು ಶೋಧಿಸಲು ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ 1804ರ ಮೇ 21ಕ್ಕೆ ಇಲ್ಲಿಂದ ಹೊರಟು, ಇದೇ ನೀರಿಗೆ ಎದುರಾಗಿ ದೋಣಿ ಎಳೆಯುತ್ತಾ ಕಾ ಪಾಯಿಂಟ್ ಮುಟ್ಟಲು ಜೂನ್ 26 ಆಯಿತು. ನಮ್ಮವರು ಸೆಳವಿನ ಜೊತೆಗೆ ಬಂದವರು. ಆದರೂ ದೋಣಿಯಿಂದ ತಾವಾಗಿ ಏಳಲು ಇಬ್ಬರಿಗೂ ಆಗಲಿಲ್ಲ. ಬೆರಳುಗಳು ಹುಟ್ಟು ಹಿಡಿದ ಹಾಗೆಯೇ ಮಡಚಿಕೊಂಡಿದ್ದವು, ಚಮಚ ನಿಲ್ಲಲಿಲ್ಲ. ಹುಲ್ಲಿನ ಮೇಲೆ ಕೂರಿಸಿ, ಉಳಿದಿದ್ದ ಮೊಸರನ್ನವನ್ನು ಇಬ್ಬರಿಗೂ ಕೈತುತ್ತು ಹಾಕಿದೆ. ಹೊನ್ನಾವರದವರು ನಾಲ್ಕನೆಯ ತುತ್ತು ಬಾಯಲ್ಲಿ ಇಟ್ಟುಕೊಂಡೇ ನಿದ್ದೆ ಹೋದರು.

ಬರುವ ವರ್ಷ ನಮ್ಮಲ್ಲಿ ಇನ್ನೊಂದು ಜೋಡಿ ಹೆಸರು ಕೊಡುವ ಯೋಚನೆಯಲ್ಲಿದೆ. ಕೇಟಿ ಟ್ರೇಲ್‌ನಲ್ಲಿ ಸೈಕಲ್ ಓಡಿಸುವ ನಮ್ಮ ಹುಡುಗರೇ. ಎರಡು ದೋಣಿಗೆ ದಡದವರು ಮೂರು ಜನ ಸಾಲುವುದಿಲ್ಲ, ಎಂಟು ಜನ ಬೇಕು. ರಾತ್ರಿ ಕಾರು ಓಡಿಸಬಲ್ಲವರು ಇಬ್ಬರಾದರೂ ಇರಲಿ, ಗಾಯಕ್ಕೆ ಪಟ್ಟಿ ಕಟ್ಟಲು ಬರುವವರು ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಮಕ್ಕಳನ್ನು ಕರೆತನ್ನಿ. ಇಷ್ಟವಿದ್ದವರು ರಾಜ್ಯೋತ್ಸವದ ದಿನ ನನ್ನನ್ನು ಕಾಣಿ. ಊಟದ ಸಾಲಿನ ಕೊನೆಯಲ್ಲಿ, ಅದೇ ಕೂಲರ್ ಪೆಟ್ಟಿಗೆಯ ಪಕ್ಕದಲ್ಲಿ ಇರುತ್ತೇನೆ.