ಎಂಟನೇ ಕ್ಲಾಸ್ ಪೇರೆಂಟ್ಸ್ ಎಲ್ರೂ ಒಂದ್ಸಲ ಓದಿ

ಎಲ್ರಿಗೂ ನಮಸ್ಕಾರ. ಏಳನೇ ಕ್ಲಾಸ್‌ವರೆಗೂ ಕನ್ನಡದಲ್ಲೇ ಓದಿ ಈ ವರ್ಷ ಇಂಗ್ಲಿಷ್ ಸೆಕ್ಷನ್‌ಗೆ ಬಂದಿರೋ ಮಕ್ಕಳು ಸ್ವಲ್ಪ ಮಂಕಾಗಿದಾರೆ, ಗಮನಿಸಿದೀರಾ? ದ್ಯುತಿಸಂಶ್ಲೇಷಣೆ ಅಂದ್ರೆ ಪಟ್ ಅಂತ ಹೇಳ್ತಾರೆ, ಅದನ್ನೇ ಫೋಟೋಸಿಂಥೆಸಿಸ್ ಅಂತ ಕೇಳಿದ್ರೆ ತಲೆ ತಗ್ಗಿಸ್ತಾರೆ, ಪಕ್ಕದವ್ರು ನಗ್ತಾರೇನೋ ಅಂತ ಡೌಟ್ ಕೂಡ ಕೇಳಲ್ಲ, ಕೊನೆಗೆ ಬೆಳಗ್ಗೆ ಎದ್ರೆ ಹೊಟ್ಟೆನೋವು, ಸ್ಕೂಲಿಗೆ ಹೋಗಲ್ಲ ಅಂತ ಅಳು. ನಾಟಕ ಅಂದ್ಕೊಂಡು ಬೈಬೇಡಿ ದಯವಿಟ್ಟು. ಮಾರ್ಕ್ಸ್ ಎಷ್ಟು ಅಂತ ಕೇಳೋಕ್ ಮುಂಚೆ ಇವತ್ತು ಯಾರ್ ಜೊತೆ ಕೂತು ಊಟ ಮಾಡ್ದೆ ಅಂತ ಕೇಳಿ, ಅದ್ರಲ್ಲೇ ಅರ್ಧ ಗೊತ್ತಾಗತ್ತೆ.

ಡೌಟ್ ಕನ್ನಡದಲ್ಲೇ ಕೇಳಬಹುದು ಅಂತ ನಾವು ಟೀಚರ್ಸ್ ಹೇಳಿದೀವಿ, ಮನೇಲೂ ಹೇಳಿ.

ಊಟ ನಿದ್ದೆ ಸರಿ ಇಲ್ಲ, ಯಾರ ಜೊತೆನೂ ಮಾತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಫೋನ್ ಮಾಡಿ, ಫ್ರೀ, ರಾತ್ರಿನೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ಮಾಡೋದಾದ್ರೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಬದುಕೋದು ಬೇಡ ಅನ್ನೋ ತರ ಮಾತು ಬಂದ್ರೆ ಮಗುನ ಒಂಟಿಯಾಗಿ ಬಿಡಬೇಡಿ, ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಗ್ರೂಪಲ್ಲಿ ಯಾವ್ ಮಗು ಹೆಸರೂ ಹಾಕ್ಬೇಡಿ, ನಂಗೆ ಸಪರೇಟಾಗಿ ಮೆಸೇಜ್ ಮಾಡಿ, ಸಂಜೆ ಎಷ್ಟೊತ್ತಾದ್ರೂ ಪರವಾಗಿಲ್ಲ.