ಕೈಗೆ ಕೊಟ್ಟ ಕೆಲಸ: ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ವಿಡಿಯೋ ಗೇಮ್ ಆಡಿ ಖುಷಿಪಡು, ಅದರ ಮೇಲೆ ಪುಟಗಟ್ಟಲೆ ಬರೆಯೋದು ಯಾಕೆ ಅಂತ ಕೇಳಿದ್ದೀಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಪತ್ರ.

ನಮ್ಮ ಕೊಪ್ಪಳದಲ್ಲಿ ಗೇಮ್ ಬಗ್ಗೆ ನನ್ನ ಕಿವಿಗೆ ಬೀಳೋದು ಎರಡೇ ಮಾತು. ದೊಡ್ಡವರು ಅದೊಂದು ಚಟ ಅನ್ನುತ್ತಾರೆ. ಆಡುವ ಹುಡುಗರು ಗ್ರಾಫಿಕ್ಸ್ ಮಸ್ತ್ ಐತಿ, ಸ್ವಲ್ಪ ಲ್ಯಾಗ್ ಆಗ್ತೈತಿ, ಹತ್ತಕ್ಕೆ ಒಂಬತ್ತು ಅಂತ ಹೇಳಿ ಎದ್ದು ಹೋಗುತ್ತಾರೆ. ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬಂದವರು ಮಾತ್ರ ದಾರಿಯುದ್ದಕ್ಕೂ ಮಾತಾಡುತ್ತಾರೆ, ಆ ಪಾತ್ರ ಹಾಗ್ಯಾಕೆ ಮಾಡಿತು, ಆ ದೃಶ್ಯ ಯಾಕೆ ಎಳೀತು ಅಂತ. ಗೇಮಿಗೂ ಅಷ್ಟು ಮರ್ಯಾದೆ ಸಿಗಬೇಕು ಅಂತ ನನ್ನ ಆಸೆ. ಆದರೆ ಗೇಮಿಗೆ ಕೇಳಬೇಕಾದ ಪ್ರಶ್ನೆ ಬೇರೆ. ಅಷ್ಟು ಹೊತ್ತು ಅದು ನಮ್ಮ ಕೈಯಿಂದ ಏನು ಮಾಡಿಸಿತು?

'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಗೊತ್ತಲ್ಲ, 2017ರಲ್ಲಿ ನಾಟಿ ಡಾಗ್ ಕಂಪನಿಯವರು ತಂದ ಗೇಮ್. ಕ್ಲೋಯಿ, ನಾಡೀನ್ ಅಂತ ಇಬ್ಬರು ಹೆಣ್ಣುಮಕ್ಕಳು ಗಣೇಶನ ದಂತ ಹುಡುಕಿಕೊಂಡು ನಮ್ಮ ಪಶ್ಚಿಮ ಘಟ್ಟಕ್ಕೆ ಬರುತ್ತಾರೆ. ಹೊಯ್ಸಳ, ಬೇಲೂರು, ಹಳೇಬೀಡು ಅನ್ನುವ ಹೆಸರು ಅಷ್ಟು ದೊಡ್ಡ ಗೇಮಿನಲ್ಲಿ ಕೇಳಿದಾಗ ಮೈ ಜುಂ ಅಂದಿತ್ತು. ಆ ಖುಷಿ ಈಗಲೂ ಹೋಗಿಲ್ಲ. ಆದರೆ ಕೈಗೆ ಸಿಕ್ಕ ಕೆಲಸ ನೋಡು: ಅಂಚು ಹಿಡಿದು ಹತ್ತು, ಹಗ್ಗ ಬೀಸಿ ಹಾರು, ಮರೆಯಲ್ಲಿ ಕೂತು ಗುಂಡು ಹೊಡಿ. ಆ ಸರಣಿಯ ಹಿಂದಿನ ಗೇಮ್‌ಗಳಲ್ಲಿ ಬೇರೆ ಬೇರೆ ದೇಶ ಸುತ್ತಿದಾಗಲೂ ಇದನ್ನೇ ಮಾಡಿದ್ದೆವು. ಹೆಸರು ನಮ್ಮದಾಯಿತು, ಓಟ ಬದಲಾಗಲಿಲ್ಲ. ಯಾರೋ ಕೂತು ಅಷ್ಟು ಪ್ರೀತಿಯಿಂದ ಬಿಡಿಸಿದ ಗೋಡೆ ಎದುರಿಗಿದ್ದರೂ ನನ್ನ ಕಣ್ಣು ಮುಂದಿನ ಹಿಡಿಕೆ ಎಲ್ಲಿದೆ ಅಂತ ಮಾತ್ರ ಹುಡುಕುತ್ತಿತ್ತು.

ಈಗ ನಮ್ಮ ಜಿಲ್ಲೆಯ ಇಟಗಿ ನೆನಪಿಸಿಕೋ. ಮಹಾದೇವ ದೇವಾಲಯ, 1112ರದ್ದು, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲಿ ಅದಕ್ಕೆ 'ದೇವಾಲಯ ಚಕ್ರವರ್ತಿ' ಅಂತ ಹೆಸರು. ಹೊಯ್ಸಳರು ಆಗ ಇದೇ ಚಾಲುಕ್ಯರ ಸಾಮಂತರು, ಹಾಗಾಗಿ ಹಳೇಬೀಡಿನ ಕಲ್ಲಿಗೂ ನಮ್ಮ ಕಲ್ಲಿಗೂ ನೆಂಟಸ್ತಿಕೆ ಇದೆ. ಅಲ್ಲಿ ಹೋದರೆ ಕಾಲು ತಾನಾಗಿ ನಿಧಾನ ಆಗುತ್ತದೆ. ತಿರುಗಣೆಯಲ್ಲಿ ಕಡೆದು ನುಣುಪು ಮಾಡಿದ ಆ ಕಂಬ ಮುಟ್ಟಬೇಕು ಅನಿಸುತ್ತದೆ, ಛಾವಣಿ ನೋಡುತ್ತಾ ಕುತ್ತಿಗೆ ನೋಯುತ್ತದೆ, ನೋಡಿದ್ದನ್ನೇ ಇನ್ನೊಂದು ಸುತ್ತು ನೋಡುತ್ತೇವೆ. ಈ ನಿಧಾನವನ್ನು ಗೇಮ್ ಕೊಡಲಾರದು ಅಂತಲ್ಲ, ಕೊಡಬಲ್ಲದು. ಇದೇ ಗೇಮಿನಲ್ಲಿ ಆನೆಯ ಮೇಲೆ ಕೂತು ಸುಮ್ನೆ ಸಾಗುವ ಭಾಗ ಇದೆ. ಕೆಲವು ಕಡೆ ಕ್ಲೋಯಿ ನಿಂತು ಫೋನಿನಲ್ಲಿ ಫೋಟೋ ತೆಗೆಯುತ್ತಾಳೆ. ತುಂಡುಗಳನ್ನು ತಿರುಗಿಸಿ ಗೋಡೆಯ ಮೇಲೆ ನೆರಳು ಕೂಡಿಸುವ ಪಜಲ್ ಬೇರೆ ಇದೆ. ಅದನ್ನು ಆಡುವಾಗ ನಮ್ಮ ಮೋರನಾಳದ ಭೀಮವ್ವನವರ ತೊಗಲುಗೊಂಬೆ ನೆನಪಾಯಿತು, 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರೇ. ಅಂಥ ಹೊತ್ತಿನಲ್ಲಿ ಮಾತ್ರ ನಾನು ಆ ಊರಿನಲ್ಲಿದ್ದೆ. ಉಳಿದದ್ದೆಲ್ಲ ಓಟ. ಗ್ರಾಫಿಕ್ಸಿಗೆ ಮಾರ್ಕ್ಸ್ ಹಾಕುವ ರಿವ್ಯೂನಲ್ಲಿ ಈ ಫರಕು ಎಲ್ಲಿ ಹಿಡಿಯುತ್ತದೆ ಹೇಳು?

ಇದಕ್ಕೆ ತದ್ವಿರುದ್ಧ 'ಪೇಪರ್ಸ್, ಪ್ಲೀಸ್' ಅನ್ನುವ ಗೇಮ್. 2013ರದ್ದು, ಹೆಚ್ಚುಕಡಿಮೆ ಲೂಕಸ್ ಪೋಪ್ ಒಬ್ಬನೇ ಮಾಡಿದ್ದು. ನೋಡೋಕೆ ಮಂಕು ಮಂಕು. ನೀನು ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ನೌಕರ, ಎಷ್ಟು ಜನರ ಕಾಗದ ಸರಿಯಾಗಿ ನೋಡಿದೆಯೋ ಅಷ್ಟು ಸಂಬಳ, ಅದರಲ್ಲೇ ಮನೆಯವರ ಊಟ, ಔಷಧಿ, ಚಳಿಗೆ ಬೆಂಕಿ. ಮೇಜು ಬೇಕಂತಲೇ ಚಿಕ್ಕದು. ಒಂದು ಕಾಗದದ ಮೇಲೆ ಇನ್ನೊಂದು ಬೀಳುತ್ತದೆ, ಎಳೆದು ಸರಿಸಬೇಕು, ನಿಯಮದ ಪುಸ್ತಕ ತೆಗೆಯಬೇಕು, ಅಷ್ಟರಲ್ಲಿ ಹೊತ್ತು ಓಡುತ್ತಿರುತ್ತದೆ. ಕಂಟ್ರೋಲ್ ಕಿರಿಕಿರಿ ಅಂತ ಬರೆದುಬಿಡುವುದು ಸುಲಭ. ಆದರೆ ಆ ಕಿರಿಕಿರಿಯೇ ಗೇಮಿನ ಮಾತು. ಒಮ್ಮೆ ಒಬ್ಬ ಗಂಡ ಬರುತ್ತಾನೆ, ಅವನ ಕಾಗದ ಸರಿ ಇರುತ್ತದೆ. ಹಿಂದೆ ನನ್ನ ಹೆಂಡತಿ ಇದ್ದಾಳೆ, ದಯೆ ತೋರಿಸಿ ಅನ್ನುತ್ತಾನೆ. ಅವಳ ಹತ್ತಿರ ಪ್ರವೇಶದ ಪರವಾನಗಿ ಇಲ್ಲ. ಒಳಗೆ ಬಿಟ್ಟರೆ ತಪ್ಪಿನ ಚೀಟಿ ನಿನ್ನ ಹೆಸರಿಗೆ, ಬಿಡದಿದ್ದರೆ ಕೆಂಪು ಮುದ್ರೆ ಒತ್ತೋದು ನಿನ್ನದೇ ಕೈ. ಇದನ್ನೇ ಕತೆಯಲ್ಲಿ ಓದಿದ್ದರೆ ಆ ನೌಕರನನ್ನು ಬೈದು ಮುಂದೆ ಹೋಗುತ್ತಿದ್ದೆ. ಇಲ್ಲಿ ಮುದ್ರೆ ನನ್ನ ಬೆರಳ ಕೆಳಗಿತ್ತು, ಎಷ್ಟೋ ಹೊತ್ತು ಒತ್ತಲಾಗಲಿಲ್ಲ.

ಅದಕ್ಕೇ ಬರೆಯುತ್ತೇನೆ ದೋಸ್ತ. ಇಷ್ಟವಾದ ಗೇಮಿನ ಮೇಲೇ ಜಾಸ್ತಿ ತಕರಾರು ಬರುತ್ತದೆ, ಅದು ಇನ್ನೂ ಏನು ಮಾಡಬಹುದಿತ್ತು ಅಂತ ಕಾಣುವುದರಿಂದ. ಮತ್ತೆ ಕನ್ನಡದಲ್ಲೇ ಬರೆಯೋದು ಯಾಕೆ ಅಂದರೆ, ನಾಳೆ ಇಟಗಿಯನ್ನೋ ಆನೆಗೊಂದಿಯನ್ನೋ ಗೇಮ್ ಮಾಡುವ ಹುಡುಗಿ ಇಲ್ಲೇ ಯಲಬುರ್ಗಾದಲ್ಲೋ ಗಂಗಾವತಿಯಲ್ಲೋ ಇರಬಹುದು. ಅವಳಿಗೆ ಓದೋಕೆ ಏನಾದರೂ ಇರಬೇಕಲ್ವಾ?

'ಪೇಪರ್ಸ್, ಪ್ಲೀಸ್' 2022ರಲ್ಲಿ ಮೊಬೈಲಿಗೂ ಬಂದಿದೆ, ನಿನ್ನ ಫೋನಿನಲ್ಲೇ ಆಡಬಹುದು. ಆ ಗಂಡ ಹೆಂಡತಿ ಬರುವವರೆಗಾದರೂ ಆಡು. ಯಾವ ಮುದ್ರೆ ಒತ್ತಿದೆ, ಯಾಕೆ ಒತ್ತಿದೆ ಅಂತ ನನಗೆ ಬರಿ.

ನಿನ್ನ ದೋಸ್ತ,
ಕೊಪ್ಪಳದಿಂದ